ಫ್ರೀಜರ್ ಮೇಲೆ ಇಷ್ಟೊಂದು ಭರವಸೆಯೇ?

2022ರ ಬೇಸಿಗೆಯಲ್ಲಿ ಅಮೆರಿಕದ ಸೌತ್ ಡಕೋಟದಲ್ಲಿ ಬಂಧುಗಳೆಲ್ಲ ಕಲೆತಿದ್ದ ಒಂದು ಕುಟುಂಬ ಕರಡಿ ಮಾಂಸದ ಕಬಾಬ್ ಮಾಡಿ ಉಂಡಿತು. ಕರಡಿ ಕೆನಡಾದ ಸಸ್ಕ್ಯಾಚೆವಾನ್‌ನಲ್ಲಿ ಬೇಟೆಯಾಡಿದ್ದು. ಮಾಂಸ 45 ದಿನ ಮನೆಯ ಫ್ರೀಜರ್‌ನಲ್ಲಿತ್ತು. ಅದರ ಬಣ್ಣವೇ ಗಾಢವಾದ್ದರಿಂದ ಬೆಂದಿದೆಯೋ ಇಲ್ಲವೋ ಕಣ್ಣಿಗೆ ತಿಳಿಯಲಿಲ್ಲ. ಆರು ಮಂದಿಗೆ ಟ್ರೈಕಿನೆಲ್ಲ ಎಂಬ ಪರೋಪಜೀವಿ ಹುಳುವಿನ ಸೋಂಕು ತಗುಲಿತು. ಅವರಲ್ಲಿ ಇಬ್ಬರು ಮಾಂಸವನ್ನೇ ತಿಂದಿರಲಿಲ್ಲ, ಅದರೊಂದಿಗೆ ಬೇಯಿಸಿದ ತರಕಾರಿಯನ್ನಷ್ಟೇ ತಿಂದಿದ್ದರು. ಸಸ್ಯಾಹಾರಿ ಮಿತ್ರರು ಈ ವಾಕ್ಯವನ್ನು ಎರಡು ಸಲ ಓದಿಕೊಳ್ಳಬಹುದು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾಂಸ ಮನೆಯ ಫ್ರೀಜರ್‌ನಲ್ಲಿ ಸಿಕ್ಕರೆ ಅದು ಅಡುಗೆಯ ವಿಷಯವಲ್ಲ, ಮೊಕದ್ದಮೆಯ ವಿಷಯ. ಆದರೆ ನಮ್ಮ ಎಷ್ಟೋ ಮನೆಗಳ ಮಕ್ಕಳು ನೆಲೆಸಿರುವ ಮಿನ್ನೆಸೋಟ, ವಿಸ್ಕಾನ್ಸಿನ್‌ಗಳಲ್ಲಿ ನವೆಂಬರ್ ಬಂತೆಂದರೆ ಜಿಂಕೆಯ ಬೇಟೆ ಕಾನೂನುಬದ್ಧ. ನೆರೆಯವರು ಪ್ರೀತಿಯಿಂದ ಮಾಂಸದ ಪೊಟ್ಟಣ ತಂದುಕೊಡುತ್ತಾರೆ. ಅದು ಫ್ರೀಜರ್ ಸೇರಿದ ಕೂಡಲೇ ಎಲ್ಲರಿಗೂ ನಿಶ್ಚಿಂತೆ. ಈ ನಿಶ್ಚಿಂತೆಯ ಬಗ್ಗೆಯೇ ನನ್ನ ತಕರಾರು.

ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯಲಾರವು, ನಿಜ. ಆದರೆ ಸಾಯುವುದೂ ಇಲ್ಲ. ಕರಗಿದೊಡನೆ ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಫ್ರೀಜರ್ ಕಾಲವನ್ನು ತಡೆದು ನಿಲ್ಲಿಸುತ್ತದೆಯೇ ಹೊರತು ಒಳಗಿಟ್ಟದ್ದನ್ನು ಶುದ್ಧಗೊಳಿಸುವುದಿಲ್ಲ. ರುಚಿಯ ವಿಷಯದಲ್ಲಾದರೆ ಕಾಲವೂ ಪೂರ್ತಿ ನಿಲ್ಲದು. ಗಾಳಿ ಸೋಕಿದ ಕಡೆ ಮಂಜು ನೇರವಾಗಿ ಆವಿಯಾಗಿ ಮಾಂಸದ ಮೇಲೆ ಬೂದುಬಿಳಿ ಕಲೆ ಮೂಡುತ್ತದೆ. ಅಪಾಯವಿಲ್ಲ, ಆದರೆ ಆ ಭಾಗ ಚರ್ಮದಂತಾಗುತ್ತದೆ; ಕತ್ತರಿಸಿ ಎಸೆದರೆ ಸಾಕು. ಪೊಟ್ಟಣದ ತಳದಲ್ಲಿ ಕೆಂಪು ನೀರು ಹೆಪ್ಪುಗಟ್ಟಿದ್ದರೆ ಸಂಶಯಪಡಬೇಕು: ಅದು ಎಲ್ಲೋ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರಬಹುದು. ಕೊಬ್ಬು ಶೈತ್ಯದಲ್ಲೂ ಕಮಟಾಗುವುದರಿಂದ ಜಾಣ ಬೇಟೆಗಾರರು ಜಿಂಕೆಯ ಕೊಬ್ಬನ್ನು ಮೊದಲೇ ತೆಗೆದುಬಿಡುತ್ತಾರೆ. ಇಡಿಯ ತುಂಡುಗಳು ವರ್ಷದವರೆಗೆ ರುಚಿ ಉಳಿಸಿಕೊಂಡಾವು. ಕೈಮಾ ಮೂರು ನಾಲ್ಕು ತಿಂಗಳಿಗೇ ಸೊರಗುತ್ತದೆ.

ಇಷ್ಟನ್ನು ಕಣ್ಣು ಮೂಗುಗಳು ಹೇಳಬಲ್ಲವು. ಅವು ಹೇಳಲಾರದ್ದೇ ಹೆಚ್ಚು ಮುಖ್ಯ. 2008ರಲ್ಲಿ ನಾರ್ತ್ ಡಕೋಟದ ವೈದ್ಯ ವಿಲಿಯಂ ಕಾರ್ನಾಟ್ಜರ್ ಬಡವರಿಗೆ ಹಂಚಲೆಂದು ದಾನ ಬಂದ ಜಿಂಕೆ ಕೈಮಾದ ಪೊಟ್ಟಣಗಳನ್ನು ಸಿ.ಟಿ. ಸ್ಕ್ಯಾನ್‌ಗೆ ಒಡ್ಡಿದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಲೋಹದ ಚೂರುಗಳಿದ್ದವು. ಸೀಸದ ಗುಂಡು ಮೂಳೆಗೆ ಬಡಿದು ಸಿಡಿದಾಗ ಅದರ ಕಣಗಳು ಗಾಯದಿಂದ ಒಂದು ಅಡಿಗೂ ಆಚೆ ಹರಡಬಲ್ಲವು. ಅವು ನಾಲಗೆಗೆ ಸಿಗವು, ಬೇಯಿಸಿದರೂ ಹೋಗವು. ಸೀಸ ಎಳೆಯ ಮಕ್ಕಳ ಮೆದುಳಿಗೆ ಏನು ಮಾಡುತ್ತದೆಂಬುದು ಎಲ್ಲರಿಗೂ ಗೊತ್ತಿರುವಂಥದ್ದೇ. ಆ ರಾಜ್ಯದ ಆರೋಗ್ಯ ಇಲಾಖೆ ದಾನದ ಮಾಂಸವನ್ನು ಬಳಸಬೇಡಿರೆಂದು ಸೂಚಿಸಿದಾಗ ಬೇಟೆಗಾರರ ಕೆಲವು ಸಂಘಟನೆಗಳಿಗೆ ಅದು ತಮ್ಮ ವಿರುದ್ಧದ ಪಿತೂರಿಯಂತೆ ಕಂಡಿತು. ಉಣ್ಣುವವರು ಕೊಳ್ಳಲಾಗದ ಬಡವರಾದಾಗ ಪರೀಕ್ಷೆಯ ಹೊಣೆ ಕೊಡುವವರದೇ ಆಗಬೇಕಲ್ಲವೆ? ತಾಮ್ರದ ಗುಂಡು ಹೀಗೆ ಚೂರಾಗುವುದಿಲ್ಲ. ಬೆಲೆ ತುಸು ಹೆಚ್ಚು, ಅಷ್ಟೆ. ದಾನ ಕೊಡಬಯಸುವವರಿಗೆ ಅದನ್ನು ಕಡ್ಡಾಯ ಮಾಡುವುದರಲ್ಲಿ ನನಗೆ ಯಾವ ಅನ್ಯಾಯವೂ ಕಾಣದು.

ಇನ್ನೊಂದು, ಜಿಂಕೆಗಳನ್ನು ಸವೆಸಿ ಕೊಲ್ಲುವ ‘ಕ್ರಾನಿಕ್ ವೇಸ್ಟಿಂಗ್’ ರೋಗ. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡ ಇದು 2002ರ ಹೊತ್ತಿಗೆ ವಿಸ್ಕಾನ್ಸಿನ್ ತಲುಪಿತ್ತು. ಇದಕ್ಕೆ ಕಾರಣವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಶೈತ್ಯಕ್ಕೂ ಒಲೆಯ ಉರಿಗೂ ಜಗ್ಗದು. ಮನುಷ್ಯರಿಗೆ ಅಂಟಿದ್ದು ಈವರೆಗೆ ದೃಢಪಟ್ಟಿಲ್ಲ. ಆದರೂ ಸೋಂಕಿತ ಪ್ರಾಣಿಯ ಮಾಂಸ ತಿನ್ನಬಾರದೆಂದೇ ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಸಲಹೆ. ಪರೀಕ್ಷೆಯ ಫಲಿತಾಂಶ ಬರುವ ತನಕ ಪ್ರತಿ ಜಿಂಕೆಯ ಮಾಂಸಕ್ಕೂ ಗುರುತು ಬರೆದು ಬೇರೆಬೇರೆ ಇಡುವುದು, ನಾಲ್ಕಾರು ಜಿಂಕೆಗಳದನ್ನು ಒಟ್ಟಿಗೆ ಅರೆಯದಿರುವುದು ಅದಕ್ಕಾಗಿಯೇ.

ಪೊಟ್ಟಣ ತಂದ ನೆರೆಯವನನ್ನು ಯಾವ ಗುಂಡು, ಯಾವ ದಿನ, ಪರೀಕ್ಷೆ ಆಗಿದೆಯೇ ಎಂದು ವಿಚಾರಿಸುವುದು ಅಲ್ಲಿ ಅಸಭ್ಯವೇನಲ್ಲ. ನಮ್ಮ ಮಕ್ಕಳು ಸಂಕೋಚ ಬಿಟ್ಟು ಕೇಳಲಿ. ಒಲೆಯ ಬಳಿ ಒಂದು ಥರ್ಮಾಮೀಟರ್ ಇರಲಿ. ಮಾಂಸದ ನಡುಭಾಗ 74 ಡಿಗ್ರಿ ಮುಟ್ಟಿದರೆ ಟ್ರೈಕಿನೆಲ್ಲ ಉಳಿಯದು. ಸೌತ್ ಡಕೋಟದಲ್ಲಿ ಮಿಕ್ಕ ಆ ಕರಡಿ ಮಾಂಸವನ್ನು ಪರೀಕ್ಷಿಸಿದಾಗ, 15 ವಾರ ಹೆಪ್ಪುಗಟ್ಟಿದ್ದ ಮೇಲೂ ಹುಳುವಿನ ಮರಿಗಳು ಜೀವಂತವಾಗಿ ಹೊರಳಾಡುತ್ತಿದ್ದವು.