ಜಾಲತಾಣದ ಹೆಸರು ಯಾರ ಖಾತೆಯಲ್ಲಿದೆ?

2025ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ರಿಸರ್ವ್ ಬ್ಯಾಂಕು ದೇಶದ ಬ್ಯಾಂಕುಗಳಿಗೆ ಒಂದು ಆಜ್ಞೆಯನ್ನು ಹೊರಡಿಸಿತು. ಅವು ತಮ್ಮ ಜಾಲತಾಣಗಳನ್ನು ಅದೇ ವರ್ಷದ ಅಕ್ಟೋಬರ್ 31ರೊಳಗಾಗಿ ‘ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ವಿಳಾಸಗಳಿಗೆ ಬದಲಾಯಿಸಬೇಕೆಂಬುದೇ ಅದರ ತಾತ್ಪರ್ಯ. ಬ್ಯಾಂಕಿನ ಹೆಸರನ್ನು ಹೋಲುವ ವಿಳಾಸಗಳನ್ನು ಪಡೆದು ಮೋಸಗಾರರು ಜನರ ಹಣವನ್ನು ಅಪಹರಿಸುವುದನ್ನು ತಡೆಯುವುದೇ ಇದರ ಉದ್ದೇಶ. ಬ್ಯಾಂಕುಗಳಿಗೇನೋ ಈ ಕಾವಲು ದೊರೆಯಿತು. ಆದರೆ ನಮ್ಮ ಊರುಗಳ ಸಹಕಾರ ಸಂಘ, ವಿದ್ಯಾಶಾಲೆ, ಮುದ್ರಣಾಲಯ, ವ್ಯಾಪಾರಸಂಸ್ಥೆಗಳಿಗೆ ಯಾರ ಕಾವಲು? ಅವು ತಮ್ಮ ಹೆಸರನ್ನು ತಾವೇ ಕಾಯ್ದುಕೊಳ್ಳಬೇಕಲ್ಲದೆ ಅನ್ಯ ಮಾರ್ಗವಿಲ್ಲ.

ಡೊಮೇನ್ ಹೆಸರೆಂಬುದು ಕ್ರಯಕ್ಕೆ ಕೊಂಡ ಭೂಮಿಯಲ್ಲ, ಗೇಣಿಗೆ ಪಡೆದ ಹೊಲವೆಂಬುದನ್ನು ನಮ್ಮ ಜನರು ಮೊದಲು ತಿಳಿಯಬೇಕು. ಅದನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಗಳಿಗೆ ನೋಂದಾಯಿಸಬಹುದು. ಅವಧಿ ಮುಗಿದು ಶುಲ್ಕ ಸಲ್ಲದಿದ್ದರೆ ಕೆಲವು ದಿನಗಳ ಸವಲತ್ತಿನ ತರುವಾಯ ಆ ಹೆಸರು ಕೇಳಿದವರ ಪಾಲಾಗುವುದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹಕ್ಕುದಾರರು. ಹೀಗಿರಲು, ಎಷ್ಟೋ ಸಂಸ್ಥೆಗಳು ಈ ಕಾರ್ಯವನ್ನು ಜಾಲತಾಣ ಕಟ್ಟುವವನಿಗೇ ಒಪ್ಪಿಸಿ ಸುಮ್ಮನಾಗುತ್ತವೆ. ಅವನು ತನ್ನ ಹೆಸರಿನಲ್ಲಿ, ತನ್ನ ಇಮೇಲ್ ವಿಳಾಸದಲ್ಲಿ ನೋಂದಾಯಿಸುತ್ತಾನೆ. ನಾಳೆ ಅವನು ಊರು ಬಿಟ್ಟರೆ, ಅಥವಾ ಹಣದ ವಿಷಯದಲ್ಲಿ ಮನಸ್ತಾಪ ಬಂದರೆ, ಅನೇಕ ವರ್ಷಗಳಿಂದ ಜನರು ನಂಬಿದ ವಿಳಾಸವು ಸಂಸ್ಥೆಯದಲ್ಲವೆಂಬುದು ಆಗ ಬೆಳಕಿಗೆ ಬರುವುದು!

ಕಾಯಿದೆಯ ಆಶ್ರಯವಿಲ್ಲವೆಂದಲ್ಲ. ಸತ್ಯಂ ಇನ್ಫೋವೇ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2004ರಲ್ಲಿಯೇ ಡೊಮೇನ್ ಹೆಸರಿಗೂ ವ್ಯಾಪಾರಮುದ್ರೆಯಂತೆ ರಕ್ಷಣೆಯುಂಟೆಂದು ತೀರ್ಪಿತ್ತಿದೆ. ‘.ಇನ್’ ಹೆಸರುಗಳ ವ್ಯಾಜ್ಯಗಳಿಗೆ ಪಂಚಾಯ್ತಿಯ ಕ್ರಮವೂ ಇದೆ. ಆದರೆ ಎದುರುಪಕ್ಷದವನಿಗೆ ಆ ಹೆಸರಿನಲ್ಲಿ ನ್ಯಾಯವಾದ ಹಕ್ಕಿಲ್ಲವೆಂದೂ, ಅವನ ಬುದ್ಧಿ ದುಷ್ಟವೆಂದೂ ದೂರುಗಾರನೇ ಸ್ಥಾಪಿಸಬೇಕು. ಕೆಲವು ನೂರು ರೂಪಾಯಿಗಳ ಎಚ್ಚರಿಕೆಯಿಂದ ಆಗುವ ಕೆಲಸಕ್ಕೆ ವಕೀಲರ ಮನೆಯ ಬಾಗಿಲು ಕಾಯುವುದು ಜಾಣತನವಲ್ಲ.

ಹೆಸರನ್ನು ಆರಿಸುವಲ್ಲಿ ಕನ್ನಡಿಗರಿಗೆ ವಿಶೇಷವಾದ ತೊಡಕೊಂದುಂಟು. ಬಲೆ, ಬಳೆ, ಬಾಲೆ, ಬಾಳೆ ಈ ನಾಲ್ಕನ್ನೂ ಇಂಗ್ಲಿಷ್ ಲಿಪಿಯಲ್ಲಿ ಒಂದೇ ರೀತಿ ಬರೆಯುವುದು ರೂಢಿ. ಹಳ್ಳಿಗೂ ಹಲ್ಲಿಗೂ ಅಲ್ಲಿ ಭೇದವಿಲ್ಲ. ಆದುದರಿಂದ ಆರಿಸಿದ ಹೆಸರನ್ನು ದೂರವಾಣಿಯಲ್ಲಿ ಒಮ್ಮೆ ಹೇಳಿ, ಕೇಳಿದವನು ತಪ್ಪಿಲ್ಲದೆ ಬರೆದುಕೊಳ್ಳುವನೋ ಎಂದು ಪರೀಕ್ಷಿಸತಕ್ಕದ್ದು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಮೊದಲಾದ 12 ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದುವು. ಊರ ಹೆಸರನ್ನು ಹೊತ್ತ ಸಂಸ್ಥೆಗಳು ಹಳೆಯ, ಹೊಸ ರೂಪಗಳೆರಡನ್ನೂ ಕೈಯಲ್ಲಿಟ್ಟುಕೊಳ್ಳುವುದು ಲೇಸು.

ಹೆಸರಿನ ಕೊನೆಗೆ ‘.ಕಾಮ್’ ಒಂದೇ ಗತಿಯೆಂಬ ಭ್ರಮೆಯೂ ಬೇಡ. ‘.ಇನ್’ ಎಂಬುದು ನಮ್ಮ ದೇಶದ್ದು; ಅದರ ದಾಖಲೆಯನ್ನು ಇಲ್ಲಿಯದೇ ಆದ ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ, ಮತ್ತು ಅದು 2005ರಿಂದ ಸರ್ವರಿಗೂ ಮುಕ್ತವಾಗಿದೆ. ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂಬ ಕೊನೆಯೂ ಉಂಟು. ಅಲ್ಲಿ ಬಳೆ ಬಳೆಯಾಗಿಯೇ, ಹಳ್ಳಿ ಹಳ್ಳಿಯಾಗಿಯೇ ಉಳಿಯುವುದು. ಕನ್ನಡ ವಿಳಾಸವನ್ನು ಕೆಲವು ಇಮೇಲ್ ವ್ಯವಸ್ಥೆಗಳೂ ಅರ್ಜಿ ನಮೂನೆಗಳೂ ಇನ್ನೂ ಸ್ವೀಕರಿಸುವುದಿಲ್ಲವೆಂಬುದು ನಿಜ. ಅದರಿಂದ ಎರಡನ್ನೂ ಪಡೆದು, ಒಂದರಿಂದ ಇನ್ನೊಂದಕ್ಕೆ ದಾರಿ ಮಾಡುವುದು ಯುಕ್ತ. ನಾವು ಬಳಸದ ನುಡಿಗೆ ಯಂತ್ರಗಳು ತಾವಾಗಿ ಮನ್ನಣೆ ಕೊಡವು.

ಪ್ರತಿಯೊಂದು ಸಂಸ್ಥೆಯ ಆಡಳಿತ ಮಂಡಳಿಯೂ ಮುಂದಿನ ಸಭೆಯಲ್ಲಿಯೇ ಮೂರು ಪ್ರಶ್ನೆಗಳನ್ನು ಕೇಳಲಿ: ನಮ್ಮ ಡೊಮೇನ್ ಹೆಸರು ಯಾರ ಖಾತೆಯಲ್ಲಿದೆ? ಅದರ ಗುಪ್ತಪದ ಯಾರ ಕೈಯಲ್ಲಿದೆ? ಅವಧಿ ಮುಗಿಯುವುದೆಂದು? ಉತ್ತರಗಳನ್ನು ನಡವಳಿಯ ಪುಸ್ತಕದಲ್ಲಿ ಬರೆದಿಡಲಿ. ಹಿರಿಯರು ಬೆವರು ಸುರಿಸಿ ಗಳಿಸಿದ ಹೆಸರನ್ನು ಅಲಕ್ಷ್ಯದಿಂದ ಕಳೆದುಕೊಂಡರೆ, ಆ ದೋಷವನ್ನು ಪರರ ಮೇಲೆ ಹೊರಿಸಲು ನಮಗೆ ಬಾಯಿರದು.