ಗಿರಿವಿಹಾರಕ್ಕೂ ಮಿತಿ ಬೇಕು

2024ನೆಯ ಇಸವಿಯ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಚಾರಣಿಗರು ಕಿಕ್ಕಿರಿದು ನೆರೆದ ದೃಶ್ಯವನ್ನು ವಾಚಕರು ಮರೆತಿರಲಾರರು. ಆ ಬಳಿಕ ಅರಣ್ಯ ಇಲಾಖೆಯವರು ಆನ್‌ಲೈನಿನಲ್ಲಿ ಮುಂಗಡ ಟಿಕೆಟು ಪಡೆದವರಿಗೆ ಮಾತ್ರ, ದಿನಕ್ಕೆ ಇಂತಿಷ್ಟೇ ಮಂದಿ ಎಂಬ ಕಟ್ಟಳೆಯೊಡನೆ, ಚಾರಣದ ಹಾದಿಗಳನ್ನು ತೆರೆದರು. ಇದು ಜನರ ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ಗೊಣಗುವವರಿದ್ದಾರೆ. ನಾವು ಹಾಗೆಣಿಸುವುದಿಲ್ಲ.

ಕುದುರೆಮುಖವನ್ನೇ ನೋಡಿರಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಸೀಮೆಯಲ್ಲಿ ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುತ್ತಾರೆ. ಇಳಿಜಾರಿನ ಹುಲ್ಲುಗಾವಲೂ ಕಣಿವೆಯ ಶೋಲಾ ಕಾಡೂ ಮಳೆಗಾಲದ ನೀರನ್ನು ಹೀರಿ, ಬೇಸಗೆಯಲ್ಲಿ ಮೆಲ್ಲನೆ ಹೊಳೆಗೆ ಬಿಡುತ್ತವೆ. ಈ ಕಾಡನ್ನೂ ನದಿಗಳನ್ನೂ ಉಳಿಸಲೆಂದು ಜನರು ಹೋರಾಡಿದ ಫಲವಾಗಿ, ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ ಅಲ್ಲಿಯ ಕಬ್ಬಿಣದ ಅದಿರಿನ ಗಣಿಯು 2005ರ ಅಂತ್ಯಕ್ಕೆ ನಿಂತಿತು. ಆದರೆ ಸಾವಿರಾರು ಪಾದಗಳು ಒಂದೇ ಜಾಡನ್ನು ತುಳಿದರೆ ಹುಲ್ಲು ಸಾಯುವುದು. ಬರಿದಾದ ಮಣ್ಣನ್ನು ಮುಂಗಾರು ಕೊಚ್ಚಿ ಹೊಳೆಗೆ ಸೇರಿಸುವುದು. ಗಣಿಯನ್ನು ನಿಲ್ಲಿಸಿದ ನಾಡಿನವರೇ ವಿಹಾರದ ಹೆಸರಿನಲ್ಲಿ ಅದೇ ನೀರನ್ನು ಕೆಸರು ಮಾಡುವುದು ತರವೇ?

ಇಷ್ಟಾದರೂ ಕಟ್ಟಳೆಯು ಸಾಮಾನ್ಯರಿಗೆ ಮಾತ್ರ ಅನ್ವಯಿಸಬಾರದು. ಶಿಫಾರಸಿನ ಚೀಟಿ ತಂದವನಿಗೆ ಗೇಟು ತೆರೆದರೆ ಆ ದಿನವೇ ನಿಯಮವು ಸತ್ತಂತೆ. ಶುಲ್ಕದ ಹಣದಲ್ಲಿ ಜಾಡುಗಳ ದುರಸ್ತಿಯೂ ಕಾಡಂಚಿನ ಗ್ರಾಮಸ್ಥರಿಗೆ ಮಾರ್ಗದರ್ಶಕರ ಉದ್ಯೋಗವೂ ದೊರೆಯಲಿ. ಯುವಕರು ಬೆಟ್ಟವನ್ನು ಅವಶ್ಯವಾಗಿ ಹತ್ತಲಿ. ಸರದಿ ಕಾದು ಹತ್ತಲಿ, ಒಯ್ದುದನ್ನು ಮರಳಿ ತರಲಿ.