ತಿಳಿಯಾದುದೆಲ್ಲ ಶುದ್ಧವಲ್ಲ: ಅರಸೀಕೆರೆ ಸೀಮೆಯ ನೀರು ಮತ್ತು ನಮ್ಮ ಮಕ್ಕಳ ಹಲ್ಲು

ಅಷ್ಟಾವರಣಗಳಲ್ಲಿ ಪಾದೋದಕಕ್ಕೂ ಸ್ಥಾನವಿತ್ತ ಪರಂಪರೆ ನಮ್ಮದು. ಇಷ್ಟಲಿಂಗದ ಮಜ್ಜನಕ್ಕೆ ನೀರು, ದಾಸೋಹದ ಪಂಕ್ತಿಯಲ್ಲಿ ಮೊದಲು ಬಡಿಸುವುದು ನೀರು, ಮನೆಗೆ ಬಂದವರ ಕೈಗೆ ಮೊದಲು ಕೊಡುವುದೂ ಒಂದು ಚೆಂಬು ನೀರು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುವುದನ್ನೇ ಕಾಯಕವಾಗಿಸಿಕೊಂಡಿದ್ದನ್ನು ನಾವೆಲ್ಲ ಬಲ್ಲೆವು. ಹೀಗಿರುವಾಗ ನೀರನ್ನು ಗೌರವಿಸುವುದನ್ನು ಭಕ್ತರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಗೌರವಿಸುವುದು ಬೇರೆ, ಅರಿಯುವುದು ಬೇರೆ. ಅರಸೀಕೆರೆ ತಾಲ್ಲೂಕಿನಂತಹ ಬಯಲುಸೀಮೆಯಲ್ಲಿ ನೀರಿನ ಗುಣವನ್ನು ಅರಿಯದೆ ಕುಡಿಯುವುದು ಆರೋಗ್ಯವನ್ನು ಅದೃಷ್ಟದ ಕೈಗೆ ಒಪ್ಪಿಸಿದಂತೆ ಎಂಬುದು ಈ ಲೇಖನದ ಅಭಿಪ್ರಾಯ. ಊರಿನ ಪ್ರತಿಯೊಂದು ಕುಡಿಯುವ ನೀರಿನ ಮೂಲವೂ ಪರೀಕ್ಷೆಗೆ ಒಳಗಾಗಬೇಕು, ಅದರ ಫಲಿತಾಂಶ ಆ ಮೂಲದ ಬಳಿಯೇ ಎಲ್ಲರಿಗೂ ಕಾಣುವಂತೆ ಬರೆದಿರಬೇಕು. ಏಕೆಂಬುದನ್ನು ನೀರಿನ ಸ್ವಭಾವದಿಂದಲೇ ಆರಂಭಿಸಿ ನೋಡೋಣ.

ನೀರಿನ ಸ್ವಭಾವ

ನೀರಿನ ಒಂದು ಅಣುವಿನಲ್ಲಿ ಒಂದು ಆಮ್ಲಜನಕ ಪರಮಾಣು, ಎರಡು ಜಲಜನಕ ಪರಮಾಣುಗಳು. ಈ ಮೂರೂ ಒಂದೇ ಗೆರೆಯಲ್ಲಿ ನಿಂತಿಲ್ಲ, ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿ ನಿಂತಿವೆ. ಈ ಬಾಗುವಿಕೆಯಿಂದ ಅಣುವಿನ ಆಮ್ಲಜನಕದ ಕಡೆಗೆ ಅಲ್ಪ ಋಣ ವಿದ್ಯುದಂಶವೂ ಜಲಜನಕದ ಕಡೆಗೆ ಅಲ್ಪ ಧನ ವಿದ್ಯುದಂಶವೂ ಉಳಿಯುತ್ತವೆ. ಹಾಗಾಗಿ ಒಂದು ಅಣುವಿನ ಧನ ತುದಿ ಇನ್ನೊಂದರ ಋಣ ತುದಿಯನ್ನು ಸೆಳೆಯುತ್ತದೆ. ಇದನ್ನೇ ಜಲಜನಕ ಬಂಧ ಎನ್ನುತ್ತಾರೆ. ನೀರಿನ ಬಹುತೇಕ ಎಲ್ಲ ಸೋಜಿಗಗಳಿಗೂ ಈ ಸಣ್ಣ ಸೆಳೆತವೇ ಮೂಲ.

ಆಮ್ಲಜನಕದ ಸ್ಥಾನದಲ್ಲಿ ಗಂಧಕವಿರುವ ಹೈಡ್ರೋಜನ್ ಸಲ್ಫೈಡ್‌ನ ಅಣು ನೀರಿನ ಅಣುವಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಆದರೂ ಅದು ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ. ಅದಕ್ಕಿಂತ ಹಗುರವಾದ ನೀರು ಮಾತ್ರ 100 ಡಿಗ್ರಿಯವರೆಗೂ ದ್ರವವಾಗಿ ನಿಲ್ಲುತ್ತದೆ. ಜಲಜನಕ ಬಂಧವಿರದಿದ್ದರೆ ಕೆರೆಯೂ ಇಲ್ಲ, ಹೊಳೆಯೂ ಇಲ್ಲ, ದೇಹದಲ್ಲಿ ರಕ್ತವೂ ಇಲ್ಲ. ಒಣ ಮಣ್ಣಿಗೆ ಹೋಲಿಸಿದರೆ ನೀರನ್ನು ಬಿಸಿಮಾಡಲು ಸುಮಾರು ಐದು ಪಟ್ಟು ಶಾಖ ಬೇಕು. ಒಂದು ಗ್ರಾಂ ಬೆವರು ಆರಿಹೋಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಚೈತ್ರ ವೈಶಾಖದ ಬಿಸಿಲಿನಲ್ಲಿ ತೋಟದ ಕೆಲಸ ಮಾಡುವವರ ದೇಹ ತಂಪಾಗಿ ಉಳಿಯುವುದು ಈ ಗುಣದಿಂದಲೇ. ನಮ್ಮ ಸೀಮೆಯ ತೆಂಗಿನ ಮರದ ಬೇರಿನಿಂದ ತುದಿಯ ಎಳನೀರಿನವರೆಗೆ ನೀರು ಏರುವುದೂ ಹೀಗೆಯೇ. ಗರಿಗಳಿಂದ ನೀರು ಆವಿಯಾದಂತೆಲ್ಲ, ಒಂದನ್ನೊಂದು ಬಿಡದೆ ಹಿಡಿದ ಅಣುಗಳು ಕೆಳಗಿನವನ್ನು ಸರಪಳಿಯಂತೆ ಮೇಲಕ್ಕೆ ಎಳೆದುಕೊಳ್ಳುತ್ತವೆ.

ಈ ಎಲ್ಲ ಗುಣಗಳಿಗಿಂತ ಜೀವಕ್ಕೆ ಹತ್ತಿರವಾದದ್ದು ನೀರಿನ ಕರಗಿಸುವ ಗುಣ. ಉಪ್ಪಿನ ಹರಳನ್ನು ನೀರಿಗೆ ಹಾಕಿದರೆ ನೀರಿನ ಅಣುಗಳು ಅದರ ಕಣಗಳನ್ನು ಸುತ್ತುವರಿದು ಒಂದೊಂದಾಗಿ ಬಿಡಿಸಿ ಒಯ್ಯುತ್ತವೆ. ಸಕ್ಕರೆ, ಲವಣ, ಸುಣ್ಣದಂಶ ಇವನ್ನೆಲ್ಲ ಹೀಗೆ ಕರಗಿಸಿಕೊಂಡೇ ನಮ್ಮ ರಕ್ತ ದೇಹದ ಮೂಲೆಮೂಲೆಗೂ ಹರಿಯುತ್ತದೆ. ಬೇಡವಾದುದನ್ನು ಕರಗಿಸಿಕೊಂಡೇ ಮೂತ್ರಪಿಂಡಗಳು ಹೊರಹಾಕುತ್ತವೆ. ಆದರೆ ನೀರಿಗೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ. ಜೀವಕ್ಕೆ ಬೇಕಾದುದನ್ನು ಕರಗಿಸುವ ಅದೇ ಗುಣ ಬೇಡವಾದುದನ್ನೂ ಕರಗಿಸುತ್ತದೆ. ಕರಗಿದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ನೀರು ಮೊದಲಿನಷ್ಟೇ ತಿಳಿಯಾಗಿರುತ್ತದೆ.

ಕಲ್ಲಿನಿಂದ ಬಂದ ತೊಡಕು

ಅರಸೀಕೆರೆ ಎಂಬ ಹೆಸರೇ ಅರಸಿಯ ಕೆರೆಯಿಂದ ಬಂದುದು. ಅತ್ತ ಹಳೇಬೀಡಿನ ಹಳೆಯ ಹೆಸರು ದ್ವಾರಸಮುದ್ರ. ಹೊಯ್ಸಳರ ಈ ನಾಡು ಮಳೆಯ ನೀರನ್ನು ಕೆರೆಗಳಲ್ಲಿ ಹಿಡಿದು ಬದುಕಿದ ನಾಡು. ಒಂದೇ ಹಾಸನ ಜಿಲ್ಲೆಯಲ್ಲಿ ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಮಳೆ ಸುರಿದರೆ, ಅರಸೀಕೆರೆಯ ಪಾಲಿಗೆ ಬರುವುದು 700 ಮಿಲಿಮೀಟರ್ ಆಸುಪಾಸು. ಕೆರೆಗಳು ಹೂಳು ತುಂಬಿ ಬತ್ತಿದಂತೆ, ತೆರೆದ ಬಾವಿಗಳು ಒಣಗಿದಂತೆ, ನಾವು ಕೊಳವೆಬಾವಿಗಳ ಮೊರೆ ಹೊಕ್ಕೆವು. ನೂರಾರು ಅಡಿ ಆಳದಲ್ಲಿ ಬಂಡೆಯ ಬಿರುಕುಗಳೊಳಗೆ ಬಹುಕಾಲ ನಿಂತ ನೀರನ್ನು ಮೇಲೆತ್ತಿ ಕುಡಿಯತೊಡಗಿದೆವು.

ನಮ್ಮ ಕಾಲಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಅವುಗಳ ಸಂಗದಲ್ಲಿ ಹೆಚ್ಚು ಕಾಲ ಇದ್ದಷ್ಟೂ ಹೆಚ್ಚು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಹಾಸನ ಜಿಲ್ಲೆಯಲ್ಲಿ ಅಂತರ್ಜಲದ ಫ್ಲೋರೈಡ್ ತೊಂದರೆಗೆ ಅರಸೀಕೆರೆ ತಾಲ್ಲೂಕು ಹೆಸರಾಗಿರುವುದು ಈ ಕಾರಣದಿಂದ. ಎಲ್ಲ ಊರಿನಲ್ಲೂ ಹೀಗೆಯೇ ಎಂದಲ್ಲ. ಒಂದೇ ಊರಿನ ಎರಡು ಕೊಳವೆಬಾವಿಗಳಲ್ಲಿ ಒಂದು ಕುಡಿಯಲು ಯೋಗ್ಯವಾಗಿದ್ದು ಇನ್ನೊಂದು ಅಯೋಗ್ಯವಾಗಿರಬಹುದು. ಆದುದರಿಂದಲೇ ಪಕ್ಕದ ಬಾವಿಯ ಫಲಿತಾಂಶವನ್ನು ನಂಬಿ ಕೂರುವಂತಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೇಳೆ ಚೆನ್ನಾಗಿ ಬೆಂದರೆ, ಸೋಪು ಚೆನ್ನಾಗಿ ನೊರೆ ಬಂದರೆ ಅದು ಒಳ್ಳೆಯ ನೀರು ಎಂಬುದು ನಮ್ಮ ತಾಯಂದಿರ ಅಳತೆ. ಗಡಸು ನೀರನ್ನು ಗುರುತಿಸಲು ಅದು ಸರಿಯಾದ ಅಳತೆಯೇ. ಆದರೆ ನೀರಿನಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸಾಕಷ್ಟಿದ್ದಾಗ ಅದು ಫ್ಲೋರೈಡಿನೊಡನೆ ಸೇರಿ ಸುಲಭವಾಗಿ ಕರಗದ ವಸ್ತುವಾಗಿ ಬೇರ್ಪಡುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರಗುಣ ಹೆಚ್ಚಿರುವ ಮೆದು ನೀರಿನಲ್ಲಿ ಫ್ಲೋರೈಡ್ ತಡೆಯಿಲ್ಲದೆ ಉಳಿಯುತ್ತದೆ. ಬೇಳೆ ಹದವಾಗಿ ಬೇಯಿಸುವ ನೀರೇ ಎಲುಬನ್ನು ಕೆಡಿಸುವ ನೀರೂ ಆಗಿರಬಹುದು. ನಾಲಿಗೆಯಾಗಲಿ ಒಲೆಯ ಮೇಲಿನ ಪಾತ್ರೆಯಾಗಲಿ ಈ ವಿಷಯದಲ್ಲಿ ಸಾಕ್ಷಿಯಾಗಲಾರವು.

ಭಾರತೀಯ ಮಾನಕ ಬ್ಯೂರೋದ 2012ರ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5 ಮಿಲಿಗ್ರಾಂ. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಯುತ್ತದೆ ಎಂಬುದು ನಿಜ. ಅದೇ ಪ್ರಮಾಣ ಮೀರಿದಾಗ ಹಲ್ಲು ಮತ್ತು ಎಲುಬಿನ ಖನಿಜದ ರಚನೆಯೊಳಗೆ ಸೇರಿ ಅದನ್ನು ಕೆಡಿಸುತ್ತದೆ.

ಮರಳಿ ಬಾರದ ನಷ್ಟ

ಮಗುವಿನ ಶಾಶ್ವತ ಹಲ್ಲುಗಳ ಹೊರಕವಚ ದವಡೆಯೊಳಗೆ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು 8 ವರ್ಷದವರೆಗಿನ ಅವಧಿಯಲ್ಲಿ. ಆ ವರ್ಷಗಳಲ್ಲಿ ಕುಡಿದ ನೀರಿನ ಲೆಕ್ಕ ಹಲ್ಲು ಮೂಡಿದ ಮೇಲೆ ಕಾಣಿಸುತ್ತದೆ. ಮೊದಲು ಸೀಮೆಸುಣ್ಣದಂತಹ ಬಿಳಿ ಮಚ್ಚೆ, ಬಳಿಕ ಅಡ್ಡಡ್ಡ ಹಳದಿ ಅಥವಾ ಕಂದು ಪಟ್ಟೆ. ಇದು ಕೊಳೆಯಲ್ಲ, ಇದ್ದಿಲಿನಿಂದ ಉಜ್ಜಿದರೂ ಉಪ್ಪಿನಿಂದ ಉಜ್ಜಿದರೂ ಹೋಗುವುದಿಲ್ಲ. ಹಲ್ಲುಜ್ಜುವುದಿಲ್ಲವೆಂದು ಇಂತಹ ಮಕ್ಕಳನ್ನು ಗದರಿಸುವುದು ಅನ್ಯಾಯ. ಬಾಯಿ ಮುಚ್ಚಿಕೊಂಡು ನಗುವ ಹೆಣ್ಣುಮಗುವಿನ ಸಂಕೋಚಕ್ಕೆ ಕಾರಣ ಅವಳಲ್ಲ, ನಾವು ಅವಳಿಗೆ ಕೊಟ್ಟ ನೀರು.

ಹಲವು ವರ್ಷ ಇಂತಹ ನೀರನ್ನೇ ಕುಡಿದ ಹಿರಿಯರಲ್ಲಿ ಕತ್ತು, ಬೆನ್ನು, ಮಂಡಿಗಳು ಬಿಗಿಯತೊಡಗುತ್ತವೆ. ಬಗ್ಗಲು, ಕುಕ್ಕರಗಾಲಿನಲ್ಲಿ ಕೂರಲು ಕಷ್ಟವಾಗುತ್ತದೆ. ವಯಸ್ಸಾಯಿತು, ವಾತವಿರಬೇಕು ಎಂದು ಸುಮ್ಮನಾಗುವವರೇ ಹೆಚ್ಚು. ಪ್ರಮಾಣ ತೀರ ಹೆಚ್ಚಿದ್ದಲ್ಲಿ ಬೆನ್ನು ಶಾಶ್ವತವಾಗಿ ಬಾಗಿಹೋಗುತ್ತದೆ. ತೆಲುಗುನಾಡಿನ ನಲ್ಗೊಂಡ ಜಿಲ್ಲೆ ಈ ಸಂಕಟವನ್ನು ದಶಕಗಳ ಕಾಲ ಉಂಡಿತು. ಎಲುಬಿನಲ್ಲಿ ಒಮ್ಮೆ ನೆಲೆಸಿದ ಈ ದೋಷವನ್ನು ಪೂರ್ಣವಾಗಿ ಹಿಂದಿರುಗಿಸುವ ಔಷಧಿಯಿಲ್ಲ. ಇರುವ ಉಪಾಯ ಒಂದೇ, ಬಾರದಂತೆ ತಡೆಯುವುದು.

ಕೆಲವು ಆಕ್ಷೇಪಗಳು

ನಮ್ಮ ಹಿರಿಯರು ಇದೇ ಊರಿನ ನೀರು ಕುಡಿದು ಗಟ್ಟಿಯಾಗಿರಲಿಲ್ಲವೇ ಎಂದು ಕೇಳುವವರುಂಟು. ಊರು ಅದೇ, ನೀರು ಅದಲ್ಲ. ಅವರು ಹೆಚ್ಚಾಗಿ ಕುಡಿದದ್ದು ಮಳೆಯಿಂದ ವರ್ಷವರ್ಷವೂ ಹೊಸದಾಗುತ್ತಿದ್ದ ಕೆರೆಯ ಮತ್ತು ಮೇಲ್ಪದರದ ಬಾವಿಯ ನೀರು. ನಾವು ಕುಡಿಯುತ್ತಿರುವುದು ಬಂಡೆಯೊಳಗೆ ನಿಂತು ಹಳತಾದ ನೀರು.

ಕುದಿಸಿ ಕುಡಿದರೆ ಸಾಲದೇ ಎನ್ನುವವರೂ ಇದ್ದಾರೆ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಅದನ್ನು ಬಿಡಬಾರದು. ಆದರೆ ಫ್ಲೋರೈಡ್ ಆವಿಯಾಗಿ ಹೋಗುವುದಿಲ್ಲ. ಎರಡು ಲೀಟರ್ ನೀರು ಕುದಿದು ಒಂದೂವರೆ ಲೀಟರಿಗೆ ಇಳಿದರೆ ಎರಡು ಲೀಟರಿನ ಫ್ಲೋರೈಡೆಲ್ಲ ಆ ಒಂದೂವರೆ ಲೀಟರಿನಲ್ಲೇ ಉಳಿಯುತ್ತದೆ.

ಊರಿಗೆ ಶುದ್ಧ ನೀರಿನ ಘಟಕ ಬಂದಿದೆಯಲ್ಲ ಎಂಬುದು ಮೂರನೆಯ ಮಾತು. ಘಟಕಗಳಿಂದ ಉಪಕಾರವಾಗಿದೆ, ನಿಜ. ಆದರೆ ಅದರೊಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಹೊರಬರುವುದು ಹೆಸರಿಗೆ ಮಾತ್ರ ಶುದ್ಧ ನೀರು. ಇನ್ನೊಂದು ಕಡೆ, ಕುಡಿಯಲು ಘಟಕದ ಕ್ಯಾನು ತಂದು ಮುದ್ದೆಗೆ, ಅನ್ನಕ್ಕೆ, ಸಾರಿಗೆ ಕೊಳವೆಬಾವಿಯ ನೀರನ್ನೇ ಬಳಸುವ ರೂಢಿ ಬಹಳ ಮನೆಗಳಲ್ಲಿದೆ. ಅಡುಗೆಯ ನೀರೂ ಹೊಟ್ಟೆಗೇ ಹೋಗುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ಹೊಳೆಯ ನೀರಿನ ಭರವಸೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ದೊರೆಯಿತು. ಅದರ ಕಾಲುವೆ ನಮ್ಮ ತಾಲ್ಲೂಕನ್ನು ಹಾದುಹೋಗುತ್ತದೆ. ಹೊಳೆಯ ನೀರು ಮನೆಮನೆಗೆ ಬಂದರೆ ಸಂತೋಷವೇ. ಆದರೆ ಇಂದು ಮೂರು ವರ್ಷದ ಮಗುವಿನ ಹಲ್ಲು ಯೋಜನೆಗಳು ಮುಗಿಯಲೆಂದು ಕಾಯುವುದಿಲ್ಲ.

ನಾವು ಮಾಡಬಹುದಾದುದು

ಮೊದಲನೆಯದು ಪರೀಕ್ಷೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದು ವಿಧಿಸಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರು, ಪರೀಕ್ಷೆಯ ಪೆಟ್ಟಿಗೆ ಎಲ್ಲಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿರಿ. ಮುಂಗಾರಿಗೆ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಪರೀಕ್ಷೆ ನಡೆಯಲಿ. ಫಲಿತಾಂಶ ಕಡತದೊಳಗೆ ಉಳಿಯದೆ ನೀರಿನ ತೊಟ್ಟಿಯ ಗೋಡೆಯ ಮೇಲೆ ದೊಡ್ಡ ಅಂಕಿಗಳಲ್ಲಿ ಬರಲಿ. ಶಾಲೆ, ಅಂಗನವಾಡಿ, ದಾಸೋಹದ ಮನೆ ಮೊದಲಾಗಲಿ. ಹಲವರಿಗೆ ಉಣಬಡಿಸುವ ಕಡೆ ಹೊಣೆಯೂ ಹೆಚ್ಚು.

ಎರಡನೆಯದು ಮಳೆಯ ನೀರು. ಅದು ಬಂಡೆಯ ಸಂಗವನ್ನೇ ಕಾಣದ ನೀರು. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 1000 ಚದರ ಅಡಿಯ, ಅಂದರೆ ಸುಮಾರು 93 ಚದರ ಮೀಟರಿನ ಛಾವಣಿಯ ಮೇಲೆ 700 ಮಿಲಿಮೀಟರ್ ಮಳೆಗೆ ಬೀಳುವುದು 65,000 ಲೀಟರ್. ಕಾಲುಭಾಗ ಪೋಲಾದರೂ 48,000 ಲೀಟರಿಗೆ ಮೋಸವಿಲ್ಲ. ಐದು ಮಂದಿಯ ಮನೆಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರ್ ಎಂದು ಹಿಡಿದರೆ ಇಡೀ ವರ್ಷಕ್ಕೆ ಬೇಕಾಗುವುದು 9,125 ಲೀಟರ್ ಮಾತ್ರ. ಮಳೆಯಿಲ್ಲದ ಆರು ತಿಂಗಳನ್ನು ದಾಟಿಸಲು ಸುಮಾರು 5,000 ಲೀಟರಿನ ಮುಚ್ಚಿದ ತೊಟ್ಟಿ ಸಾಕು. ಬರದ ಸೀಮೆಯೆಂದು ಮರುಗುವ ನಮ್ಮ ಮನೆಯ ಮೇಲೆಯೇ ಬೇಕಾದುದರ ಐದು ಪಟ್ಟು ಒಳ್ಳೆಯ ನೀರು ಸುರಿದು ಚರಂಡಿ ಸೇರುತ್ತಿದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಮರಳು ಇದ್ದಿಲುಗಳಲ್ಲಿ ಸೋಸಿ, ಬಿಸಿಲು ಬೀಳದಂತೆ ಕಾಪಾಡಿ, ಕುದಿಸಿ ಕುಡಿಯಬೇಕು.

ಮೂರನೆಯದು ಆಹಾರ. ರಾಗಿ, ಹಾಲು, ಮಜ್ಜಿಗೆ, ಸೊಪ್ಪುಗಳ ಸುಣ್ಣದಂಶ ಹೊಟ್ಟೆಯಲ್ಲಿಯೇ ಫ್ಲೋರೈಡನ್ನು ಹಿಡಿದು ರಕ್ತಕ್ಕೆ ಸೇರದಂತೆ ತಕ್ಕಮಟ್ಟಿಗೆ ತಡೆಯುತ್ತದೆ. ನೆಲ್ಲಿಕಾಯಿ, ನಿಂಬೆ, ಸೀಬೆ ಹಣ್ಣುಗಳ ಸಿ ಜೀವಸತ್ವವೂ ಉಪಕಾರಿ. ಚಹಾ ಸೊಪ್ಪಿನಲ್ಲಿ ಫ್ಲೋರೈಡ್ ಹೆಚ್ಚು. ಚಿಕ್ಕ ಮಕ್ಕಳಿಗೆ ಚಹಾ ಕೊಡುವ ರೂಢಿಯನ್ನು ಬಿಡುವುದು ಲೇಸು. ಆದರೆ ಆಹಾರ ನೆರವಾಗಬಲ್ಲುದೇ ಹೊರತು ಕೆಟ್ಟ ನೀರನ್ನು ಒಳ್ಳೆಯದಾಗಿಸಲಾರದು.

ನಾಲ್ಕನೆಯದು ಕೆರೆ. ಹೂಳೆತ್ತಿದ ಕೆರೆ ಮಳೆಯ ನೀರನ್ನು ನೆಲಕ್ಕೆ ಇಳಿಸುತ್ತದೆ. ಇಳಿದ ಹೊಸ ನೀರು ಹಳೆಯ ನೀರಿನ ದೋಷವನ್ನು ತೆಳುವಾಗಿಸುತ್ತದೆ. ಇದು ನಿಧಾನದ ಕೆಲಸ, ಒಬ್ಬರಿಂದಾಗದ ಕೆಲಸ. ಜಾತ್ರೆಗೆ ತೇರೆಳೆಯಲು ಕೂಡುವ ಕೈಗಳು ಬೇಸಿಗೆಯಲ್ಲಿ ನಾಲ್ಕು ದಿನ ಕೆರೆಯಂಗಳದಲ್ಲಿ ಕೂಡಿದರೆ ಅದೂ ಸೇವೆಯೇ.

ಕರಗಿಸುವುದು ನೀರಿನ ಧರ್ಮ. ಅದು ಯಾವುದನ್ನು ಕರಗಿಸಿಕೊಂಡು ಬಂದಿದೆ ಎಂದು ಕೇಳಿ ತಿಳಿಯುವುದು ಕುಡಿಯುವ ನಮ್ಮ ಧರ್ಮ. ಈ ಸಂಚಿಕೆ ಕೈಸೇರಿದ ವಾರದೊಳಗೆ ನಿಮ್ಮ ಮನೆಯ, ನಿಮ್ಮ ಊರಿನ ಶಾಲೆಯ ನೀರಿನ ಫ್ಲೋರೈಡ್ ಪ್ರಮಾಣ ಎಷ್ಟೆಂದು ವಿಚಾರಿಸಿರಿ. ಉತ್ತರ ಯಾರಲ್ಲಿಯೂ ಇಲ್ಲವೆಂದಾದರೆ, ಒಂದು ಸೀಸೆ ನೀರು ಹಿಡಿದು ಪಂಚಾಯಿತಿಯ ಬಾಗಿಲಿಗೆ ಮೊದಲು ಹೋಗುವವರು ನೀವೇ ಆಗಿರಿ.